ನೂರು ಡಿಗ್ರಿಗೆ ಅಂಟಿಕೊಂಡ ಪ್ರೊಸೆಸರ್: ಡೊಂಬಿವಲಿಯ ರಿಪೇರಿ ದಿನಚರಿ

ಯಂತ್ರದ ಜಾತಕ ಮೊದಲು. ಇಂಟೆಲ್ ಕೋರ್ ಐ5-10400 ಪ್ರೊಸೆಸರ್, ಅದರ ಪೆಟ್ಟಿಗೆಯಲ್ಲೇ ಬಂದ ಪುಟ್ಟ ಕೂಲರ್ (ಚಿಪ್ಪಿನ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕ್, ಅದರ ಮೇಲೊಂದು ಫ್ಯಾನ್), ಬಿ460 ಮದರ್‌ಬೋರ್ಡ್, 16 ಜಿಬಿ ರ್‍ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕ್ಯಾಬಿನೆಟ್ಟಿಗೆ ಮುಂದೊಂದು, ಹಿಂದೊಂದು 120 ಮಿ.ಮೀ. ಫ್ಯಾನ್. (ನಮ್ಮಲ್ಲಿ ಎಲ್ಲರೂ ‘ಸಿಪಿಯು’ ಅನ್ನುವುದು ಇಡೀ ಡಬ್ಬವನ್ನು. ಇಲ್ಲಿ ಆ ಮಾತು ಬಂದರೆ ಚಿಪ್ ಎಂದೇ ತಿಳಿಯಿರಿ.) ಇರುವ ಜಾಗ: ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಕನ್ನಡದವರ ಒಂದು ವಾಚನಾಲಯ. ಕೆಲಸ: ಹಳೆಯ ಕನ್ನಡ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, ಟೆಸೆರಾಕ್ಟ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಓಡಿಸಿ ಅಕ್ಷರಕ್ಕೆ ಇಳಿಸುವುದು. ದೂರು ಎರಡು. ಇಪ್ಪತ್ತು ಪುಟ ದಾಟುತ್ತಲೇ ಫ್ಯಾನ್ ಕಿರುಚಿ ಕೆಲಸ ಆಮೆಯಾಗುತ್ತದೆ. ವಾರದಲ್ಲಿ ಎರಡು ಸಲ ಇದ್ದಕ್ಕಿದ್ದಂತೆ ಆಫ್ ಆಗಿದೆ.

ಮೇ 4, ಭಾನುವಾರ

ಇವತ್ತು ಬರೀ ಅಳತೆ, ಬಿಚ್ಚುವುದಿಲ್ಲ. ಮೊದಲೇ ಸ್ಕ್ರೂಡ್ರೈವರ್ ಹಿಡಿದರೆ ಯಾವ ರಿಪೇರಿಯಿಂದ ಎಷ್ಟು ಇಳಿಯಿತು ಎಂಬ ಲೆಕ್ಕ ಆಮೇಲೆ ಎಲ್ಲಿಯೂ ಸಿಗುವುದಿಲ್ಲ.

ಕ್ಯಾಬಿನೆಟ್ಟಿನಿಂದ ಒಂದು ಮೊಳ ದೂರದಲ್ಲಿ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಇಟ್ಟರೆ ಕೋಣೆ 33 ಡಿಗ್ರಿ. ಮೇ ತಿಂಗಳ ಮುಂಬಯಿ ಕಡೆಗೆ ಇದು ಹೊಸದಲ್ಲ. ಆದರೆ ಈ ಅಂಕಿ ಬರೆದುಕೊಳ್ಳದೆ ಪ್ರೊಸೆಸರ್ ಬಿಸಿ ಮಾತ್ರ ಹೇಳಿದರೆ ಅರ್ಥವಿಲ್ಲ. ಎಸಿ ಕೋಣೆಯಲ್ಲಿ 23ರಲ್ಲಿ ಕೂತು 75 ಬಂತು ಎನ್ನುವವನ ಕೂಲರೂ, 33ರಲ್ಲಿ 85 ಬಂದ ಕೂಲರೂ ಒಂದೇ ಯೋಗ್ಯತೆಯವು.

ಎಚ್‌ಡಬ್ಲ್ಯೂಇನ್ಫೋ ಎಂಬ ಅಳತೆ ತಂತ್ರಾಂಶ ತೆರೆದು ನಾಲ್ಕು ಸಾಲು ನೋಡಿದೆವು: ಪ್ಯಾಕೇಜ್ (ಅಂದರೆ ಇಡೀ ಚಿಪ್) ಬಿಸಿ, ಪ್ಯಾಕೇಜ್ ವ್ಯಾಟ್, ಕೋರ್ ವೇಗ, ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ಚಿಪ್ ವೇಗ ಇಳಿಸಿಕೊಳ್ಳುವುದು) ಎದುರಿಗೆ ‘ಯೆಸ್’ ಇದೆಯೋ ‘ನೋ’ ಇದೆಯೋ. ಸುಮ್ಮನಿದ್ದಾಗ 52. ಚಿಪ್ಪನ್ನು ಪೂರ್ತಿ ದುಡಿಸುವ ಪರೀಕ್ಷಾ ತಂತ್ರಾಂಶ ಸಿನಿಬೆಂಚ್ ಆರ್23 ಹತ್ತು ನಿಮಿಷ ಓಡಿಸಲು ಹಾಕಿದರೆ ಮೂರೇ ಸೆಕೆಂಡಿನಲ್ಲಿ 91, ಇಪ್ಪತ್ತು ಸೆಕೆಂಡಿನೊಳಗೆ 100. ಅಲ್ಲಿಂದ ಮೇಲೆ ಹೋಗಲಿಲ್ಲ. ಈ ಚಿಪ್ಪಿನ ಗರಿಷ್ಠ ಮಿತಿ 100 ಡಿಗ್ರಿ. ಮುಟ್ಟಿದೊಡನೆ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಆರೂ ಕೋರ್ ದುಡಿಯುವಾಗ 4 ಗಿಗಾಹರ್ಟ್ಸ್ ಇರಬೇಕಾದದ್ದು 3.3ಕ್ಕೆ ಬಂತು, 78 ವ್ಯಾಟ್ ಇದ್ದದ್ದು 58ಕ್ಕೆ.

ಏರಿದ ರೀತಿಯೇ ಅರ್ಧ ರೋಗ ಹೇಳುತ್ತದೆ. ಕೆಲಸದ ಒತ್ತಡ ಬಿದ್ದ ಎರಡು ಮೂರು ಸೆಕೆಂಡಿನಲ್ಲಿ ಜಿಗಿದರೆ ಚಿಪ್ಪಿನಿಂದ ಹೀಟ್‌ಸಿಂಕಿಗೆ ಶಾಖ ದಾಟುತ್ತಿಲ್ಲ, ಅಂದರೆ ಎರಡರ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಅಥವಾ ಕೂಲರಿನ ಹಿಡಿತ ಕೆಟ್ಟಿದೆ. ಐದು ಹತ್ತು ನಿಮಿಷ ತೆಗೆದುಕೊಂಡು ನಿಧಾನಕ್ಕೆ ತೆವಳಿದರೆ ಹೀಟ್‌ಸಿಂಕಿನಿಂದ ಗಾಳಿಗೆ ಹೋಗುತ್ತಿಲ್ಲ: ಧೂಳು, ಫ್ಯಾನ್, ಕ್ಯಾಬಿನೆಟ್. ಇನ್ನೊಂದು ಪರೀಕ್ಷೆಗೆ ಸಾಫ್ಟ್‌ವೇರೂ ಬೇಡ. ಪಕ್ಕದ ಬಾಗಿಲು ತೆಗೆದು, ಫ್ಯಾನಿನ ರೆಕ್ಕೆಗೆ ಬೆರಳು ಸಿಗದಂತೆ ಹೀಟ್‌ಸಿಂಕಿನ ಅಂಚು ಮುಟ್ಟಿ. ಪರದೆಯಲ್ಲಿ ನೂರು ಇದ್ದು ಕೈಗೆ ಉಗುರುಬೆಚ್ಚಗಿದ್ದರೆ ಸಂಪರ್ಕ ತಪ್ಪಿದೆ. ಕೈ ಇಡಲಾಗದಷ್ಟು ಸುಟ್ಟರೆ ಗಾಳಿಯ ದೋಷ. ಇಲ್ಲಿ ಬೆಚ್ಚಗಿತ್ತು, ಸುಡುತ್ತಿರಲಿಲ್ಲ.

ಕೊನೆಯಲ್ಲಿ ಒಂದು ಭಾಗಾಕಾರ. ಪ್ರೊಸೆಸರ್ ಬಿಸಿಯಿಂದ ಕೋಣೆಯ ಬಿಸಿ ಕಳೆದು ವ್ಯಾಟ್‌ನಿಂದ ಭಾಗಿಸಬೇಕು. (100 − 33) ÷ 58 = 1.16. ಪ್ರತಿ ವ್ಯಾಟಿಗೆ ಇಷ್ಟು ಡಿಗ್ರಿ ಏರಿಕೆ ಎಂದರ್ಥ. ಈ ಪುಟ್ಟ ಕೂಲರಿನಿಂದ 0.7ರ ಆಸುಪಾಸು ನಿರೀಕ್ಷಿಸಬಹುದು. ಇನ್ನು ಮುಂದೆ ನಮ್ಮ ತಕ್ಕಡಿ ಈ ಅಂಕಿಯೇ.

ಮೇ 5, ಸೋಮವಾರ

ಧೂಳು. ಕರಾವಳಿಯ ಧೂಳಿಗೂ ಬಯಲುಸೀಮೆಯ ಧೂಳಿಗೂ ಅಂತರ ಇದೆ. ಬಯಲಿನದು ಊದಿದರೆ ಹಾರುತ್ತದೆ. ಇಲ್ಲಿಯದು ತೇವ ಕುಡಿದು, ಪಕ್ಕದ ಅಡುಗೆಮನೆಯ ಒಗ್ಗರಣೆ ಹಬೆಯನ್ನೂ ಊದುಬತ್ತಿ ಹೊಗೆಯನ್ನೂ ಸೇರಿಸಿಕೊಂಡು ಕಂಬಳಿಯಾಗುತ್ತದೆ. ಅದು ಕೂರುವ ಜಾಗವೂ ಮೋಸದ್ದು: ಫ್ಯಾನಿನ ಮೇಲಲ್ಲ, ಫ್ಯಾನಿಗೂ ಹೀಟ್‌ಸಿಂಕಿನ ಎಸಳುಗಳಿಗೂ ನಡುವೆ. ಮೇಲಿಂದ ನೋಡಿದರೆ ರೆಕ್ಕೆ ಸ್ವಚ್ಛ, ಒಳಗೆ ಹಾಸಿಗೆ.

ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಡಬ್ಬವನ್ನು ಗ್ಯಾಲರಿಗೆ ಒಯ್ದೆವು. ಒಂದು ಇಂಚಿನ ಒಣ ಪೇಂಟ್ ಬ್ರಷ್‌ನಿಂದ ಮೊದಲು ಬಿಡಿಸಿ, ಆಮೇಲೆ ಕೈ ಬ್ಲೋವರ್ ಒಂದಡಿ ದೂರದಿಂದ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗೆ ಬೆಂಕಿಕಡ್ಡಿ ಅಡ್ಡ ಇಡಲೇಬೇಕು. ಭರ್ರೆಂದು ತಿರುಗುವುದನ್ನು ನೋಡಲು ಚೆಂದ, ಬೇರಿಂಗಿನ ಆಯುಸ್ಸು ಮಾತ್ರ ಅಲ್ಲೇ ಹೋಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಮೂತಿ ಬೋರ್ಡಿಗೆ ತಾಗಿಸಬೇಡಿ, ಸ್ಥಿರ ವಿದ್ಯುತ್ತಿನ ಅಪಾಯ. ವಿದ್ಯುತ್ ಒದಗಿಸುವ ಡಬ್ಬಿ ಎಸ್‌ಎಂಪಿಎಸ್‌ನ ಜಾಲರಿಗೂ ಹೊರಗಿನಿಂದಲೇ ಊದಿದೆವು. ಅದನ್ನು ಬಿಚ್ಚುವುದಿಲ್ಲ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಮತ್ತೆ ಪರೀಕ್ಷೆ. ಬಿಸಿ: 100. ಅಷ್ಟೇ! ಇಲ್ಲಿಯೇ ಬಹಳ ಜನ ‘ಕ್ಲೀನ್ ಮಾಡಿದ್ದು ದಂಡ’ ಎಂದು ಕೈಚೆಲ್ಲುತ್ತಾರೆ. ಮಿತಿಗೆ ಅಂಟಿಕೊಂಡ ಚಿಪ್ಪಿನಲ್ಲಿ ಸುಧಾರಣೆ ಡಿಗ್ರಿಯಲ್ಲಿ ಕಾಣುವುದೇ ಇಲ್ಲ, ವ್ಯಾಟಿನಲ್ಲಿ ಕಾಣುತ್ತದೆ. ನಿನ್ನೆ 58 ವ್ಯಾಟಿಗೆ ಸುಸ್ತಾಗುತ್ತಿದ್ದದ್ದು ಇವತ್ತು 61 ತಡೆದುಕೊಂಡಿದೆ. (100 − 33) ÷ 61 = 1.10. ಸಣ್ಣ ಲಾಭ, ಆದರೆ ಲಾಭ. ಮೂಲರೋಗ ಇನ್ನೂ ಒಳಗಿದೆ.

ಮೇ 10, ಶನಿವಾರ

ಸಾಮಾನು: 4 ಗ್ರಾಂನ ಎಂಎಕ್ಸ್-4 ಪೇಸ್ಟ್, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲ್. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್ ನಡೆದು ಹೋಗುವಷ್ಟು ದೂರ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತವೆ, ಅದಕ್ಕೇ ಶನಿವಾರ. ಟ್ರಾನ್ಸಿಸ್ಟರಿಗೆ ಹಚ್ಚುವ ಬಿಳಿ ಸಿಲಿಕೋನ್ ಪೇಸ್ಟ್ ಡಬ್ಬಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೆಲಸ ಮಾಡದೇ ಇಲ್ಲ, ಆದರೆ ಬೇಗ ಒಣಗಿ ಸುಣ್ಣವಾಗುತ್ತದೆ. ಮತ್ತೆ ಮತ್ತೆ ಬಿಚ್ಚುವ ಉಮೇದು ಇಲ್ಲದವರು ಕೊಳ್ಳಬೇಡಿ.

ಮೇ 11, ಭಾನುವಾರ

ಕೂಲರ್ ತೆಗೆಯುವ ಮೊದಲು ಐದು ನಿಮಿಷ ಸಿನಿಬೆಂಚ್ ಓಡಿಸಿ ಆಫ್ ಮಾಡಿದೆವು. ಪೇಸ್ಟ್ ಬೆಚ್ಚಗಿದ್ದರೆ ಮೆತ್ತಗೆ ಬಿಡುತ್ತದೆ. ಈ ಬೋರ್ಡಿನ ಸಾಕೆಟ್ಟಿನಲ್ಲಿ (ಚಿಪ್ ಕೂರುವ ಜಾಗ) ಚಿಪ್ ಲೋಹದ ಚೌಕಟ್ಟಿನಡಿ ಭದ್ರ, ಆದ್ದರಿಂದ ತೊಂದರೆ ಕಡಿಮೆ. ಎಎಂಡಿ ಕಂಪನಿಯ ಎಎಂ4 ಸಾಕೆಟ್ಟಿನ ರೈಜನ್ ಚಿಪ್ ಆಗಿದ್ದರೆ ತಣ್ಣಗಿರುವಾಗ ನೇರ ಮೇಲಕ್ಕೆ ಎಳೆದವರ ಕೈಗೆ ಕೂಲರಿಗೆ ಅಂಟಿಕೊಂಡ ಚಿಪ್ ಕೂಡ ಬಂದು ಪಿನ್ ಬಾಗಿರುವ ಉದಾಹರಣೆ ಬೇಕಾದಷ್ಟು. ಅಲ್ಲಿ ಎಡಕ್ಕೆ ಬಲಕ್ಕೆ ತಿರುಚಿ ತಿರುಚಿ ಸಡಿಲಿಸಬೇಕು.

ಕೂಲರಿನ ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಪುಶ್‌ಪಿನ್. ತಲೆಯ ಮೇಲಿನ ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲಕ್ಕೆಳೆದರೆ ಬಿಡುತ್ತದೆ. ಮೂರು ‘ಟಕ್’ ಎಂದು ಬಿಟ್ಟವು. ನಾಲ್ಕನೆಯದು, ರ್‍ಯಾಮ್ ಕಡೆಯ ಕೆಳಮೂಲೆಯದು, ಸದ್ದೇ ಮಾಡದೆ ಎದ್ದು ಬಂತು. ಅದು ಕೂತೇ ಇರಲಿಲ್ಲ. ಜೋಡಿಸಿದವರು ತಲೆಯನ್ನು ಬಾಣದ ದಿಕ್ಕಿಗೆ ತಿರುಗಿಸಿಟ್ಟೇ ಒತ್ತಿದ್ದಾರೆ. ಬಾಣ ಬಿಚ್ಚುವ ದಿಕ್ಕು; ಕೂರಿಸುವ ಮೊದಲು ತಲೆಯನ್ನು ವಾಪಸು ತಿರುಗಿಸಿರಬೇಕು. ಈ ತಪ್ಪು ಎಷ್ಟು ಸಾಮಾನ್ಯವೆಂದರೆ ‘ಬಾಕ್ಸ್ ಕೂಲರ್ ಕೆಲಸಕ್ಕೆ ಬಾರದು’ ಎಂಬ ದೂರು ಬಂದಾಗಲೆಲ್ಲ ಮೊದಲು ನಾಲ್ಕು ಪಿನ್ ಎಣಿಸಿ ನೋಡುವುದು ಲೇಸು.

ಹಳೆಯ ಪೇಸ್ಟಿನ ಗುರುತೂ ಅದನ್ನೇ ಸಾರುತ್ತಿತ್ತು. ಒಂದು ಅಂಚಿನಲ್ಲಿ ಕಾಗದದಷ್ಟು ತೆಳು, ಎದುರಂಚಿನಲ್ಲಿ ದೋಸೆಯ ಮಧ್ಯಭಾಗದಂತೆ ದಪ್ಪ, ಅದರಾಚೆ ಬೋಳು ಲೋಹ. ಆ ಬೋಳು ಜಾಗದಲ್ಲಿದ್ದದ್ದು ಗಾಳಿ. ಗಾಳಿಯ ಶಾಖವಾಹಕತೆ 0.026, ಸಾಧಾರಣ ಪೇಸ್ಟಿನದು ಐದರ ಹತ್ತಿರ ಎಂದಿಟ್ಟುಕೊಂಡರೂ ಸುಮಾರು ಇನ್ನೂರು ಪಟ್ಟು ವ್ಯತ್ಯಾಸ. ಒಳ್ಳೆಯ ಪೇಸ್ಟೋ ಅತ್ಯುತ್ತಮ ಪೇಸ್ಟೋ ಎಂಬ ಚರ್ಚೆ ಎರಡು ಮೂರು ಡಿಗ್ರಿಯದು. ಪೇಸ್ಟೋ ಗಾಳಿಯೋ ಎಂಬುದು ಯಂತ್ರ ಓಡುತ್ತದೋ ಇಲ್ಲವೋ ಎಂಬ ಪ್ರಶ್ನೆ.

ಒರೆಸಲು ಒಗೆದೊಗೆದು ಸವೆದ ಪಂಚೆಯ ತುಂಡು ವಾಸಿ, ನಾರು ಬಿಡುವುದಿಲ್ಲ. ಹತ್ತಿ ಉಂಡೆ ಬೇಡ. ಆಲ್ಕೊಹಾಲ್ ಬಟ್ಟೆಗೆ ಹಾಕಬೇಕೇ ಹೊರತು ಚಿಪ್ಪಿನ ಮೇಲೆ ಸುರಿಯಬಾರದು. ಎರಡೂ ಮುಖ ಕನ್ನಡಿಯಾದ ಮೇಲೆ ನಡುವೆ ಕಡಲೆಕಾಳಿಗಿಂತ ತುಸು ಚಿಕ್ಕದಾದ ಒಂದು ಬೊಟ್ಟು. ಸವರುವ ಅಗತ್ಯವಿಲ್ಲ, ಒತ್ತಡವೇ ಹರಡುತ್ತದೆ. ಹೆಚ್ಚು ಹಾಕಿದರೆ ಅಂಚಿನಿಂದ ಹೊರಗೆ ಬಂದು ಗಲೀಜು, ಅಷ್ಟೇ. ಈ ಪೇಸ್ಟ್ ವಿದ್ಯುತ್ ಹರಿಸುವುದಿಲ್ಲ. ಕಡಿಮೆ ಹಾಕಿದರೆ ಮೂಲೆ ಬೋಳು.

ಕೂರಿಸುವಾಗ ಫ್ಯಾನಿನ ವೈರು ಸಿಪಿಯು ಫ್ಯಾನ್ ಕನೆಕ್ಟರಿಗೆ ಮುಟ್ಟುವ ದಿಕ್ಕು ನೋಡಿಕೊಂಡು, ನಾಲ್ಕೂ ಕಾಲು ರಂಧ್ರದ ಮೇಲೆ ನೇರ ನಿಂತ ಮೇಲೆ ಕರ್ಣವಾಗಿ ಎರಡೆರಡು ಪಿನ್ ಒಟ್ಟಿಗೆ ಒತ್ತಿದೆವು. ನಾಲ್ಕು ಟಕ್ ಕೇಳಬೇಕು. ಕಿವಿಯನ್ನಷ್ಟೇ ನಂಬದೆ ಬೋರ್ಡಿನ ಹಿಂಬದಿ ಟಾರ್ಚ್ ಬಿಟ್ಟು ನೋಡಿ: ಪ್ರತಿ ರಂಧ್ರದಾಚೆ ಸೀಳಿದ ಪ್ಲಾಸ್ಟಿಕ್ ಕಾಲು ಅಗಲವಾಗಿ, ನಡುವೆ ಕಪ್ಪು ಮೊಳೆ ಕಾಣಬೇಕು. ಟ್ರೇಯ ಕಿಂಡಿಯಿಂದ ಕಾಣದಿದ್ದರೆ ಬೋರ್ಡ್ ಹೊರತೆಗೆಯುವುದೇ ದಾರಿ. ಬೇಸರದ ಕೆಲಸ, ಆದರೂ.

ಫಲ: ಸುಮ್ಮನಿದ್ದಾಗ 43. ಒತ್ತಡ ಬಿದ್ದ ಮೂರನೆಯ ಸೆಕೆಂಡಿಗೆ 68. ಹತ್ತನೆಯ ನಿಮಿಷಕ್ಕೆ 94, ಪೂರಾ 78 ವ್ಯಾಟ್, ವೇಗ 4 ಗಿಗಾಹರ್ಟ್ಸ್, ಥ್ರಾಟ್ಲಿಂಗ್ ‘ನೋ’. (94 − 33) ÷ 78 = 0.78. ಈಗ ಜಿಗಿತ ಹೋಗಿ ತೆವಳಿಕೆ ಉಳಿದಿದೆ. ಅಂದರೆ ಉಳಿದದ್ದು ಗಾಳಿಯ ಲೆಕ್ಕ.

ಮೇ 12, ಸೋಮವಾರ

ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಓಡಿಸಿದರೆ ಆರು ಡಿಗ್ರಿ ಕಡಿಮೆ. ಬಾಗಿಲು ತೆಗೆದಾಗ ಎರಡು ಡಿಗ್ರಿಗಿಂತ ಹೆಚ್ಚು ಇಳಿದರೆ ಒಳಗಿನ ಗಾಳಿಯ ದಾರಿ ಕೆಟ್ಟಿದೆಯೆಂದೇ ಹಿಡಿಯಬಹುದು. ಊದುಬತ್ತಿ ಹಚ್ಚಿ ಹಿಂದಿನ ಜಾಲರಿಯ ಬಳಿ ಹಿಡಿದರೆ ಹೊಗೆ ಒಳಕ್ಕೆ ಹೋಯಿತು. ಹಿಂದಿನ ಫ್ಯಾನ್ ಉಲ್ಟಾ. ಮುಂದಿನದೂ ಒಳಕ್ಕೆ, ಹಿಂದಿನದೂ ಒಳಕ್ಕೆ ತಳ್ಳಿದರೆ ಬಿಸಿಗಾಳಿ ಸಿಕ್ಕ ಸಂದಿಯಲ್ಲಿ ನುಸುಳಬೇಕು. ಫ್ಯಾನಿನಲ್ಲಿ ಅಡ್ಡಪಟ್ಟಿಗಳು ಇರುವ ಮುಖದಿಂದ ಗಾಳಿ ಹೊರಬರುತ್ತದೆ; ಹಿಂದಿನ ಫ್ಯಾನಿನ ಆ ಮುಖ ಹೊರಗೆ ನೋಡಬೇಕು. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿ ಹಾಕಿದ್ದಾಯಿತು.

ಇನ್ನೊಂದು ತಪ್ಪು ಬಡಗಿಯದು. ಮೇಜಿನಡಿ ಡಬ್ಬಕ್ಕೆಂದೇ ಮಾಡಿದ ಗೂಡು ಹಿಂಬದಿ ಹಲಗೆಯಿಂದ ಪೂರ್ತಿ ಮುಚ್ಚಿತ್ತು. ಕೋಣೆ 33 ಇರುವಾಗ ಮುಂದಿನ ಜಾಲರಿಗೆ ಹೋಗುವ ಗಾಳಿ 38 ತೋರಿಸಿತು, ಉಗುಳಿದ್ದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಡಬ್ಬ ಗೂಡಿನಿಂದ ಹೊರಬಂದು ಈಗ ಮೇಜಿನ ಪಕ್ಕ, ಎರಡು ಇಟ್ಟಿಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ನೆಲದಿಂದ ಎತ್ತಿದ್ದು ಕಸಪೊರಕೆಯ ಧೂಳಿನಿಂದಲೂ ಕಾಪಾಡುತ್ತದೆ. ಹತ್ತು ನಿಮಿಷಕ್ಕೆ 88. ತಕ್ಕಡಿ 0.71.

ಮೇ 18, ಭಾನುವಾರ

ಬಯೋಸ್, ಅಂದರೆ ಬೋರ್ಡಿನ ಮೂಲ ಸೆಟ್ಟಿಂಗ್. ಈ ಚಿಪ್ಪಿಗೆ ಇಂಟೆಲ್ ಹೇಳುವ ದೀರ್ಘಕಾಲದ ಮಿತಿ 65 ವ್ಯಾಟ್, ಸ್ವಲ್ಪ ಹೊತ್ತಿಗೆ 134 ವ್ಯಾಟ್, ಆ ಸ್ವಲ್ಪ ಹೊತ್ತು 28 ಸೆಕೆಂಡ್. ಬೋರ್ಡಿನಲ್ಲಿ ಮಿತಿ ‘ಆಟೋ’ಗೆ ಇತ್ತು, ಎಚ್‌ಡಬ್ಲ್ಯೂಇನ್ಫೋದಲ್ಲಿ ಅದು 4095 ವ್ಯಾಟ್ ಎಂದು ಕಾಣುತ್ತಿತ್ತು, ಅಂದರೆ ಮಿತಿಯೇ ಇಲ್ಲ. ದೀರ್ಘ ಮಿತಿಯನ್ನು 65ಕ್ಕೆ, ಅಲ್ಪಕಾಲದ್ದನ್ನು 90ಕ್ಕೆ ಕೈಯಾರೆ ಇಟ್ಟೆವು. ಫ್ಯಾನಿನ ಏರಿಳಿತ: 40 ಡಿಗ್ರಿಗೆ 40 ಶೇಕಡ, 60ಕ್ಕೆ 60, 75ಕ್ಕೆ 85, 85ಕ್ಕೆ ಪೂರ್ತಿ. ಈಗ 79 ಡಿಗ್ರಿಗೆ ನಿಂತಿದೆ, ವೇಗ 3.7 ಗಿಗಾಹರ್ಟ್ಸ್. 4ರಿಂದ 3.7ಕ್ಕೆ ಇಳಿದದ್ದು ನಷ್ಟವೇ, ಆದರೆ ಪೂರ್ತಿ ದಿನ ಓಡುವ ಯಂತ್ರಕ್ಕೆ, ಅದೂ ಕಿರುಚದ ಫ್ಯಾನಿನೊಂದಿಗೆ, ಇದು ಒಪ್ಪುವ ಬೆಲೆ.

ನಿಜವಾದ ವೇಗ ಬಂದದ್ದು ಬೇರೆ ಕಡೆಯಿಂದ. ಟೆಸೆರಾಕ್ಟ್ ಒಂದೇ ಪುಟಕ್ಕೆ ನಾಲ್ಕು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆ) ಹಾಕಿಕೊಳ್ಳುತ್ತದೆ, ಅವು ಒಂದನ್ನೊಂದು ಕಾಯುವುದರಲ್ಲೇ ಬಿಸಿಯಾಗುತ್ತವೆ. ಓಎಂಪಿ ಥ್ರೆಡ್ ಲಿಮಿಟ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು 1ಕ್ಕೆ ಇಟ್ಟು, ಆರು ಪುಟಗಳನ್ನು ಆರು ಬೇರೆ ಬೇರೆ ಪ್ರಕ್ರಿಯೆಯಾಗಿ ಓಡಿಸಿದರೆ, ಮೊದಲು 34 ನಿಮಿಷ ತಿನ್ನುತ್ತಿದ್ದ 200 ಪುಟ 19 ನಿಮಿಷದಲ್ಲಿ ಮುಗಿಯಿತು.

ಇನ್ನು ಆ ಎರಡನೆಯ ದೂರು, ಇದ್ದಕ್ಕಿದ್ದಂತೆ ಆಫ್ ಆಗುವುದು. ಇದನ್ನು ಮೊದಲಿನಿಂದಲೂ ಬಿಸಿಯ ಲೆಕ್ಕಕ್ಕೆ ಹಾಕಿರಲಿಲ್ಲ. ವೇಗ ಇಳಿಸಿಕೊಂಡು 100ರಲ್ಲಿ ನಿಂತ ಚಿಪ್ ಸಾಮಾನ್ಯವಾಗಿ ಯಂತ್ರ ಆರಿಸುವುದಿಲ್ಲ. ವಿಂಡೋಸಿನ ಘಟನೆಗಳ ದಾಖಲೆ ಇವೆಂಟ್ ವ್ಯೂವರಿನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಇತ್ತು. ಅದು ಹೇಳುವುದು ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ, ಕಾರಣವನ್ನಲ್ಲ. 12ರಂದು ಡಬ್ಬ ಹೊರತೆಗೆಯುವಾಗ ಗೂಡಿನ ಹಿಂದಿನ ಎಕ್ಸ್‌ಟೆನ್ಶನ್ ಬೋರ್ಡ್ ಅಲುಗಾಡಿಸಿದಾಗ ಮಾನಿಟರ್ ಮಿಣುಕಿತು. ಒಂದು ಸಾಕೆಟ್ಟಿನ ಹಿತ್ತಾಳೆ ಪಟ್ಟಿ ಸಡಿಲಾಗಿ ಕಪ್ಪಾಗಿತ್ತು. ಅದನ್ನು ಎಸೆದು ಡಬ್ಬವನ್ನು ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಆರು ದಿನದಿಂದ ಆಫ್ ಆಗಿಲ್ಲ; ಮಳೆಗಾಲ ಹಿಡಿದ ಮೇಲೆ ಇನ್ನೊಮ್ಮೆ ಹತ್ತು ನಿಮಿಷದ ಪರೀಕ್ಷೆ, ಆಗ ಕೋಣೆಯ ಅಂಕಿ ಬದಲಾಗಿರುತ್ತದೆ, 0.71 ಬದಲಾಗಬಾರದು.