ಬೇಲೀಫ್ ಮಾದರಿ: ಕಂಬದ ತಲೆ ಕೊನೆಗೂ ಸೀಳಲಿಲ್ಲ

ಬೇಲೀಫ್ ಎಂಬ ಇಂಗ್ಲೆಂಡಿನ ಹಳೆಯ ಮನೆಯ ಪುಟ್ಟ ಮರದ ಮಾದರಿ ಕಟ್ಟುತ್ತಿದ್ದೇನೆ. ಗೂಟದ ತೂತು ಕೊರೆದಾಯಿತು, ಅಡ್ಡತೊಲೆ ಕೂತಾಯಿತು, ಕಂಬದ ತಲೆ ಇನ್ನೂ ಇಡಿಯಾಗಿಯೇ ಇದೆ. ಅಡಿಪಟ್ಟಿ, ಮುಂದಕ್ಕೆ ಚಾಚಿದ ಮಹಡಿ, ಗಾಜಿಲ್ಲದ ಕಿಟಕಿಗಳ ಕಂಬಿ, ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ. ಅವುಗಳ ಪುರಾಣ ಬೇಡ.

ಬೇಲೀಫ್ ಎಂದರೆ ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿದ್ದ ರೈತನ ಮನೆ. ಜಲಾಶಯದ ಯೋಜನೆ ಬಂದಾಗ ಅದನ್ನು ಬಿಚ್ಚಿ, ಸಸೆಕ್ಸ್‌ನ ಸಿಂಗಲ್‌ಟನ್‌ನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ನಡುವಿನ ಹಜಾರ 15ನೇ ಶತಮಾನದ ಆರಂಭದ್ದು. ಯಜಮಾನ ಇರುತ್ತಿದ್ದ ಬದಿಯ ಅಂಕಣ 16ನೇ ಶತಮಾನದ ಆರಂಭದ್ದು. ನನ್ನ ಮಾದರಿಯ ಅಳತೆ 1:24.

ತಲೆನೋವೆಲ್ಲ ಕಂಬದ ನೆತ್ತಿಯಲ್ಲಿ. ಗೋಡೆಯ ಮೇಲಿನ ಉದ್ದತೊಲೆ, ಅದರ ಮೇಲೆ ಕೂರುವ ಅಡ್ಡತೊಲೆ, ಎರಡನ್ನೂ ಒಂದೇ ಕಂಬ ಹಿಡಿಯಬೇಕು. ಅದಕ್ಕೇ ಕಂಬದ ತಲೆ ಒಳಮುಖವಾಗಿ ದಪ್ಪಗಾಗುತ್ತದೆ. ಹೊರಗಿನ ಟೆನನ್ (ತೊಲೆಯ ತೂತಿಗೆ ಕೂರುವ ನಾಲಗೆ) ಉದ್ದತೊಲೆಗೆ, ಅದಕ್ಕಿಂತ ಎತ್ತರದ ಒಳಗಿನದು ಅಡ್ಡತೊಲೆಗೆ. ಪಕಾಸಿಗಳ ಒತ್ತಡಕ್ಕೆ ಉದ್ದತೊಲೆ ಹೊರಕ್ಕೆ ಜಾರದಂತೆ ಅಡ್ಡತೊಲೆಯ ತಳದ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದ ಆಕಾರದ ಕಚ್ಚು, ಅದನ್ನು ಕಚ್ಚಿಕೊಳ್ಳುತ್ತದೆ. ಅಸಲಿನಲ್ಲಿ ಒಂದೂವರೆ ಇಂಚಿನ ಟೆನನ್ ನನ್ನ ಮೇಜಿನ ಮೇಲೆ 1.6 ಮಿಲಿಮೀಟರ್.

ಕೆತ್ತುವುದೇನೋ ಕೆತ್ತಬಹುದು. ಆದರೆ ನೇರ ಎಳೆಯ ಪಟ್ಟಿಯಲ್ಲಿ ಆ ದಪ್ಪ ತಲೆಯ ಎಳೆಗಳು ಬಾಗಿನ ಹತ್ತಿರವೇ ಕಡಿದುಹೋಗುತ್ತವೆ. ಗೂಟಕ್ಕೆ ಒಂದು ಮಿಲಿಮೀಟರ್ ತೂತು ಕೊರೆಯುವಷ್ಟರಲ್ಲಿ ಒಳಭಾಗ ಪೂರ್ತಿ ಕಳಚಿ ಕೈಗೆ ಬರುತ್ತದೆ. ಚನ್ನಪಟ್ಟಣದ ಗೊಂಬೆಗಳ ಹಾಲೆ ಮರವೂ ಇದೇ ಆಟ ಆಡಿತು. ಆನ್‌ಲೈನ್‌ನಲ್ಲಿ ತರಿಸಿದ ಬಾಸ್‌ವುಡ್ ಎಂಬ ಮೆದು ಮರದ ಕಥೆ ಕೇಳಲೇಬೇಡಿ: ಒಂದು ತುದಿ 8 ಮಿಲಿಮೀಟರ್, ಇನ್ನೊಂದು ತುದಿ ಏಳೂವರೆಯೂ ಇಲ್ಲ. ದೂರಿದ್ದಕ್ಕೆ ‘ಮರ ಉಸಿರಾಡುತ್ತದೆ ಸರ್’ ಎಂಬ ಉತ್ತರ ಬಂತು. ಹಣ ವಾಪಸು ಕೊಡುವಾಗ ಮಾತ್ರ ಉಸಿರೇ ಇಲ್ಲ.

ದಾರಿ ತೋರಿಸಿದವರು ಹಳೆಯ ಇಂಗ್ಲಿಷ್ ಬಡಗಿಗಳೇ. ಅವರು ಓಕ್ ದಿಮ್ಮಿಯನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದರು, ಬುಡ ಮೇಲಕ್ಕೆ. ಬೇರಿನ ಕಡೆ ಮರ ತಾನಾಗಿಯೇ ಅಗಲವಾಗುತ್ತದೆ, ಎಳೆಯೂ ಆ ಬಾಗಿನ ಜೊತೆಗೇ ತಿರುಗುತ್ತದೆ. ನಮ್ಮ ಸಕಲೇಶಪುರದ ಕಡೆ ಬುಡಸಮೇತ ಕಿತ್ತ ಹಳೆಯ ಕಾಫಿ ಗಿಡಗಳಿಗೇನು ಬರ? ಸೌದೆ ಕೊಟ್ಟಿಗೆಯಲ್ಲಿ ಚೆನ್ನಾಗಿ ಒಣಗಿದ್ದವು. ಮರ ಗಟ್ಟಿ, ಎಳೆ ನಯ. ಬುಡದ ಬಾಗು ನೋಡಿ ಸೀಳಿ, ತಲೆಕೆಳಗು ಮಾಡಿ ಕೆತ್ತಿದೆ. ಕೊರೆದೆ. ಬಿದಿರಿನ ಗೂಟ ಹೊಡೆದೆ. ಏನೂ ಆಗಲಿಲ್ಲ! ಗೂಟ ಕೀಲನ್ನು ಬಿಗಿಯಾಗಿ ಎಳೆಯಲೆಂದು ಆ ಬಡಗಿಗಳು ತೂತುಗಳನ್ನು ಸುಮಾರು 3 ಮಿಲಿಮೀಟರ್ ಪಕ್ಕಕ್ಕೆ ಸರಿಸುತ್ತಿದ್ದರಂತೆ. ನನ್ನ ಅಳತೆಗೆ ಅದು 0.125 ಮಿಲಿಮೀಟರ್. ಆ ಆಸೆ ನನಗಿಲ್ಲ, ಅಂಟು ಇದೆ.

ಈ ಉತ್ಸಾಹದಲ್ಲಿ ಹಾರ್ಮಂಡ್ಸ್‌ವರ್ತ್‌ನ ಕಣಜದ ನಕ್ಷೆಯನ್ನೂ ಬಿಡಿಸಿಟ್ಟಿದ್ದೇನೆ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಪಕ್ಕದಲ್ಲಿದೆ, 1426ರದ್ದು, 12 ಅಂಕಣ, 58 ಮೀಟರ್ ಉದ್ದ. ಇದೇ ಅಳತೆಯಲ್ಲಿ ಮಾಡಿದರೆ 2.4 ಮೀಟರ್. ಊಟದ ಮೇಜನ್ನು ಬಿಟ್ಟುಕೊಡುವುದಿಲ್ಲ ಎಂದು ಮನೆಯಲ್ಲಿ ಮೊದಲೇ ಹೇಳಿಬಿಟ್ಟಿದ್ದಾರೆ. 1:48ಕ್ಕೆ ಇಳಿಸಿದರೆ ಟೆನನ್ 0.8 ಮಿಲಿಮೀಟರ್, ಕನ್ನಡಕ ಬದಲಿಸಬೇಕು.

ಬೇಲೀಫ್‌ಗೆ ಇನ್ನೂ ಕಂಬಗಳು ಬೇಕು. ತೋಟದಲ್ಲಿ ಹಳೆಯ ಕಾಫಿ ಗಿಡ ಕೀಳಿಸುವವರಿದ್ದರೆ ಬುಡಗಳನ್ನು ಒಲೆಗೆ ಹಾಕುವ ಮೊದಲು ತಿಳಿಸಿ. ಸಾಗಾಣಿಕೆ ನನ್ನದು.