ಮಸಾಯಿ ಮಾರಾದಲ್ಲಿ ಅಮ್ಮ ಕಂಡ ರೊಪ್ಪ

ಬೆಳಗಿನ ಜಾವ ನಾಲ್ಕೂವರೆಗೆ ಟೆಂಟಿನ ಹೊರಗೆ ಟಾರ್ಚಿನ ಬೆಳಕು ಬಿತ್ತು. ಅಮ್ಮ ಆಗಲೇ ಎದ್ದು ಚೂಡಿದಾರದ ಮೇಲೆ ಸ್ವೆಟರ್ ಹಾಕಿ, ಮಫ್ಲರ್ ಸುತ್ತಿ ಕೂತಿದ್ದರು. ಆಗಸ್ಟ್ ತಿಂಗಳು. ಭೂಮಧ್ಯರೇಖೆ ಹತ್ತಿರವೇ ಇದ್ದರೂ ಕೀನ್ಯಾದ ಮಸಾಯಿ ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದ ಜಾಗ, ಬೆಳಗಿನ ಹೊತ್ತು ಕೈಬೆರಳು ಮರಗಟ್ಟುತ್ತವೆ.

ಬಲೂನ್ ಹಾರಾಟಕ್ಕೆ ಒಬ್ಬರಿಗೆ ಸುಮಾರು 500 ಡಾಲರ್. ಅದಕ್ಕೆಂದೇ ಎರಡು ವರ್ಷ ದುಡ್ಡು ಕೂಡಿಟ್ಟಿದ್ದೆ. ಅಮ್ಮನ ಜೊತೆಗೇ ಹಾರಬೇಕು ಅನ್ನೋದು ನನ್ನ ಆಸೆ. ಅವರು ಹುಟ್ಟಿ ಬೆಳೆದದ್ದು ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ. ಹನ್ನೆರಡು ವರ್ಷದವರೆಗೂ ಅಮೃತಮಹಲ್ ಕಾವಲಿನ ಅಂಚಿನಲ್ಲಿ ದನ ಕಾದವರು.

ನಾವು ಹೋದಾಗ ಬಲೂನು ಇಬ್ಬನಿಯ ಹುಲ್ಲಿನ ಮೇಲೆ ಉದ್ದಕ್ಕೆ ಮಲಗಿತ್ತು. ದೊಡ್ಡ ಫ್ಯಾನಿನಿಂದ ಮೊದಲು ತಣ್ಣನೆಯ ಗಾಳಿ ತುಂಬಿಸಿದರು. ಅರ್ಧ ಉಬ್ಬಿದ ಮೇಲೆ ಬರ್ನರ್ ಹಚ್ಚಿದರು. ಬುಸ್ಸೆಂದು ಬೆಂಕಿ ಒಳಗೆ ನುಗ್ಗಿದಾಗ ಇಡೀ ಬಲೂನು ಒಳಗಿನಿಂದ ದೀಪ ಹಚ್ಚಿಟ್ಟ ಹಾಗೆ ಬೆಳಗಿತು. ಬೆತ್ತದ ಬುಟ್ಟಿಯೂ ಅಡ್ಡ ಬಿದ್ದೇ ಇತ್ತು. ಅದರೊಳಗೆ ತೂರಿಕೊಂಡು, ಬೆನ್ನು ಕೆಳಗಿಟ್ಟು, ಮಂಡಿ ಮೇಲಕ್ಕೆತ್ತಿ, ಹಗ್ಗದ ಹಿಡಿ ಹಿಡಿದು ಮಲಗಬೇಕು. ಅಮ್ಮನ ಮಂಡಿನೋವು ನೆನೆದು ನನಗೆ ಜೀವ ಹಿಡಿಯಷ್ಟಾಗಿತ್ತು. ಅಲ್ಲಿನ ಹುಡುಗರು ಇಬ್ಬರು ಬಂದು ಅವರ ಕಾಲನ್ನು ನಿಧಾನಕ್ಕೆ ಎತ್ತಿ ಒಳಗಿಟ್ಟರು. ಬಲೂನು ಮೇಲೇಳುತ್ತಿದ್ದಂತೆ ಬುಟ್ಟಿಯೂ ನೆಟ್ಟಗಾಯಿತು, ನಾವು ಎದ್ದು ನಿಂತೆವು. ಯಾವ ಕುಲುಕಾಟವೂ ಇಲ್ಲ. ನೋಡನೋಡುತ್ತಿದ್ದಂತೆ ನೆಲ ದೂರವಾಯಿತು.

"ಮೇಲೆ ಹೋಗೋದು, ಕೆಳಗೆ ಬರೋದು ಮಾತ್ರ ನನ್ನ ಕೈಲಿದೆ. ದಿಕ್ಕು ಗಾಳಿಯದ್ದು" ಎಂದರು ಪೈಲಟ್. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ಕಡೆಗೆ ಬೀಸುತ್ತದಂತೆ. ಬೇಕಾದ ಗಾಳಿ ಸಿಗುವವರೆಗೆ ಏರುವುದು, ಇಳಿಯುವುದು. ಅಷ್ಟೇ ಅವರ ಸ್ಟೀರಿಂಗ್.

ಆರೂವರೆಗೆ ಸೂರ್ಯ ಹುಟ್ಟಿದ. ಬರ್ನರ್ ಆರಿಸಿದಾಗೆಲ್ಲ ಎಂಥ ಮೌನ! ಆ ಮೌನದಲ್ಲಿ ಕೆಳಗಿನಿಂದ ದೊಡ್ಡ ಹುಲ್ಲೆಗಳಾದ ವೈಲ್ಡ್‌ಬೀಸ್ಟ್‌ಗಳ ಗೊರಗೊರ ಸದ್ದು ಮೇಲೆ ಬರುತ್ತಿತ್ತು. ಸಾಲುಸಾಲಾಗಿ, ಒಂದರ ಹಿಂದೆ ಒಂದು. ಮಳೆ ಮತ್ತು ಹುಲ್ಲನ್ನು ಹಿಂಬಾಲಿಸಿ ಪಕ್ಕದ ಟಾಂಜಾನಿಯಾದ ಸೆರೆಂಗೆಟಿಯಿಂದ ಹತ್ತು ಲಕ್ಷಕ್ಕೂ ಜಾಸ್ತಿ ವೈಲ್ಡ್‌ಬೀಸ್ಟ್‌ಗಳು ವರ್ಷವಿಡೀ ಸುತ್ತುತ್ತವೆ. ಈ ತಿಂಗಳುಗಳಲ್ಲಿ ಬಹಳಷ್ಟು ಮಾರಾ ಕಡೆ ಇರುತ್ತವೆ. ಫೆಬ್ರವರಿ ಹೊತ್ತಿಗೆ ಹುಟ್ಟಿದ ಕರುಗಳು ಆಗಲೇ ಆರು ತಿಂಗಳಿನವು, ತಾಯಿಯ ಪಕ್ಕೆಗೆ ಅಂಟಿಕೊಂಡೇ ನಡೆಯುತ್ತಿದ್ದವು. ಜೀಪಿನಲ್ಲಿ ಕೂತಾಗ ಕಂಡದ್ದು ಬರೀ ಮುಖ, ಕೊಂಬು. ಮೇಲಿನಿಂದ ಕಂಡದ್ದು ಅವುಗಳ ದಾರಿ. ಹುಲ್ಲಿನ ಮೇಲೆ ಸಾವಿರಾರು ಕಾಲುಜಾಡುಗಳು. ಮಾರಾ ನದಿಯ ದಡದಲ್ಲಿ ನೀರಾನೆಗಳು ರಾತ್ರಿ ಮೇಯಲು ಹತ್ತಿ ಹೋಗುವ ದಾರಿಗಳೂ ಕೊರೆದ ಕಾಲುವೆಗಳಂತೆ ಕಂಡವು.

ಒಂದು ಕಡೆ ನಾವು ಸ್ವಲ್ಪ ಕೆಳಗೆ ಬಂದೆವು. ಬರ್ನರ್ ಸದ್ದಿಗೆ ಜೀಬ್ರಾಗಳ ಗುಂಪು ಬೆಚ್ಚಿ ಚದುರಿತು. ಒಂದು ಮರಿ ತಾಯಿಯಿಂದ ದೂರ ಉಳಿದು ಅತ್ತಿತ್ತ ಓಡಿತು. ನನಗೆ ನಿಜಕ್ಕೂ ಸಂಕಟವಾಯಿತು. ನಮ್ಮ ಖುಷಿಗೆ ಅವುಗಳ ಬೆಳಗಿನ ಮೇವು ಯಾಕೆ ಕೆಡಬೇಕು? ಪೈಲಟ್ ಆ ಕೂಡಲೇ ಮೇಲಕ್ಕೆ ಏರಿಸಿದರು. ಎತ್ತರದಿಂದಲೇ ನೋಡೋಣ, ಪರವಾಗಿಲ್ಲ, ಎಂದೆ.

ಏರಿದ್ದು ಒಳ್ಳೆಯದೇ ಆಯಿತು. ಅಮ್ಮ ನನ್ನ ತೋಳು ಹಿಡಿದು ಜಗ್ಗಿದರು.

"ಅಗೋ ಅಲ್ನೋಡೇ, ದುಂಡಗೆ ಹಸಿರು. ಅಲ್ಲಿ ಯಾವತ್ತೋ ರೊಪ್ಪ ಇತ್ತು ಕಣೇ."

ಸುತ್ತಲೂ ಒಣಗಿದ ಹುಲ್ಲು. ನಡುವೆ ಕೈವಾರ ಇಟ್ಟು ಬರೆದ ಹಾಗೆ ಒಂದು ಹಸಿರು ವೃತ್ತ. ಅದರೊಳಗೆ ಹುಲ್ಲೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಮೇವು ಎಲ್ಲಾ ಕಡೆ ಇದ್ದರೂ ಅಲ್ಲೇ ಗುಂಪು. ಪೈಲಟ್‌ಗೆ ಅಮ್ಮನ ಮಾತು ಹೇಳಿದೆ. ಅವರು ತಿರುಗಿ ಅಮ್ಮನ ಮುಖ ನೋಡಿದರು. "ಹೌದು, ಹಳೇ ಬೋಮಾ. ನಿಮಗೆ ಹೇಗೆ ಗೊತ್ತಾಯಿತು?"

ಬೋಮಾ ಅಂದರೆ ಇಲ್ಲಿನ ದನಗಾಹಿ ಜನ ಮಸಾಯಿಗಳು ಮುಳ್ಳುಕೊಂಬೆಯ ಬೇಲಿ ಕಟ್ಟಿ ರಾತ್ರಿ ದನ ಕೂಡುವ ಜಾಗ. ನಮ್ಮ ರೊಪ್ಪವೇ. ಅಮ್ಮನ ಊರಲ್ಲಿ ಬೇಸಿಗೆಗೆ ಕುರಿಯವರು ಬಂದರೆ ತಾತ ಅವರಿಗೆ ಕಾಳು ಕೊಟ್ಟು ಹೊಲದಲ್ಲಿ ಮಂದೆ ಹಾಕಿಸುತ್ತಿದ್ದರಂತೆ. ಮಂದೆ ಮಲಗಿದಷ್ಟು ಜಾಗದಲ್ಲಿ ರಾಗಿ ಬೇರೆಯದೇ ಬಣ್ಣಕ್ಕೆ ಬರುತ್ತಿತ್ತಂತೆ. ಗುಡ್ಡದ ಮೇಲೆ ನಿಂತರೆ ಎಲ್ಲಿ ಎಷ್ಟು ರಾತ್ರಿ ಕುರಿ ಮಲಗಿದ್ದವು ಅಂತ ಎಣಿಸಬಹುದಿತ್ತು, ಎಂದರು ಅಮ್ಮ.

ವಾಪಸ್ ಬಂದ ಮೇಲೆ ಓದಿದೆ. ಕೀನ್ಯಾದ ನೈಋತ್ಯದ ಹಳೆಯ ದನಗಾಹಿಗಳ ನೆಲೆಗಳ ಮಣ್ಣನ್ನು ಪರೀಕ್ಷಿಸಿದ ಸಂಶೋಧಕರ ಬರಹ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿದೆ. ಸಗಣಿ ಬಿದ್ದ ಆ ಜಾಗಗಳಲ್ಲಿ ಸಾರಜನಕ, ರಂಜಕ ಈಗಲೂ ಹೆಚ್ಚಿದೆ. ಕೆಲವು ನೆಲೆಗಳು 3,000 ವರ್ಷಕ್ಕೂ ಹಳೆಯವು! ಕಾಡುಪ್ರಾಣಿಗಳು ಹುಡುಕಿಕೊಂಡು ಬರುವ ಆ ಸಿಹಿ ಹುಲ್ಲನ್ನು ಬೆಳೆಸಿಟ್ಟದ್ದು ದನ ಕಾಯುವವರು. ಮನುಷ್ಯರೇ ಮುಟ್ಟದ ಬಯಲು ಅಂದುಕೊಂಡು ಅಷ್ಟು ದೂರ ಹೋಗಿದ್ದೆ ನಾನು. ಅಂಥವರನ್ನೇ ಆಮೇಲೆ ಹೊರಗೆ ಕಳಿಸಿದರು. 1959ರಲ್ಲಿ ಗಡಿಯಾಚೆಯ ಸೆರೆಂಗೆಟಿ ಉದ್ಯಾನದಿಂದ ಮಸಾಯಿಗಳನ್ನು ಎಬ್ಬಿಸಿದರು. ಇತ್ತ ಮಾರಾ ಮೀಸಲು ಪ್ರದೇಶದೊಳಗೂ ದನ ಮೇಯಿಸುವ ಹಾಗಿಲ್ಲ. ಇದು ನ್ಯಾಯ ಅಂತ ನನಗೆ ಅನಿಸುವುದಿಲ್ಲ.

ಒಂದು ಗಂಟೆ ಹಾರಿದ ಮೇಲೆ ಇಳಿಯುವ ಹೊತ್ತು. ಮತ್ತೆ ಕುಕ್ಕರಗಾಲಲ್ಲಿ ಕೂತು ಹಿಡಿ ಹಿಡಿದೆವು. ಬುಟ್ಟಿ ಎರಡು ಸಲ ನೆಲಕ್ಕೆ ಬಡಿದು, ಸ್ವಲ್ಪ ದೂರ ಎಳೆದುಕೊಂಡು ಹೋಗಿ, ವಾಲಿ ನಿಂತಿತು. ಅಮ್ಮ ನಗುತ್ತಿದ್ದರು.

ಮರದ ಕೆಳಗೆ ತಿಂಡಿ ಹಾಕಿದ್ದರು. ಬಲೂನಿನ ಹಿಂದೆ ಗಾಡಿಯಲ್ಲಿ ಬಂದಿದ್ದ ಮಸಾಯಿ ಹಿರಿಯರೊಬ್ಬರಿಗೆ ಪೈಲಟ್ ಅಮ್ಮನ ರೊಪ್ಪದ ಕಥೆ ಹೇಳಿರಬೇಕು. ಅವರು ಮೈಮೇಲಿನ ಕೆಂಪು ಹೊದಿಕೆ ಶುಕಾ ಸರಿಮಾಡಿಕೊಂಡು ಅಮ್ಮನ ಎದುರು ಬಂದು ಕೂತರು. ನಾನು ನಡುವೆ ಕೂತು ಮಾತು ದಾಟಿಸಿದೆ. ಅಮ್ಮ ತಮ್ಮ ಮನೆಯ ದನಗಳ ಹೆಸರು ಹೇಳಿದರು. ಗೌರಿ, ಕೆಂದಿ, ಬಿಳಿಗೊಂಬಿನ ಸೋಮಿ. ಅವರು ತಮ್ಮ ದನಗಳ ಬಣ್ಣಗಳನ್ನು ಒಂದೊಂದಾಗಿ ಹೇಳಿದರು, ಬೆರಳು ಮಡಚುತ್ತಾ.

"ಈಗ ನಿಮ್ಮ ಹತ್ತಿರ ಎಷ್ಟಿವೆ?" ಎಂದು ಕೇಳಿದರು.

"ಒಂದೂ ಇಲ್ಲಪ್ಪ" ಎಂದರು ಅಮ್ಮ.

ಅವರು ಅಮ್ಮನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ, "ಪೋಲೆ ಸಾನಾ" ಎಂದರು. ಹಾಗಂದರೇನು ಅಂತ ಅಮ್ಮ ನನ್ನ ಕಡೆ ನೋಡಿದರು. ತುಂಬಾ ನೋವಾಯ್ತು ಅಂತಿದ್ದಾರೆ ಅಮ್ಮ, ಎಂದೆ. ಅಮ್ಮ ಕೈ ಬಿಡಿಸಿಕೊಳ್ಳಲಿಲ್ಲ.