‘ಎಲ್ಲಾ ಸರಿ ಮೇಡಂ, ಕೊನೆಗೆ ಆ ಹುಡುಗ ಏನಾದ?’

ಬೆಳೆಯುವ ವಯಸ್ಸಿನ ಮಕ್ಕಳ ಸಿನಿಮಾಗಳ ಬಗ್ಗೆ, ಅಂದರೆ ಕಮಿಂಗ್ ಆಫ್ ಏಜ್ ಅಂತಾರಲ್ಲ, ಆ ಥರದವುಗಳ ಬಗ್ಗೆ ನಾನು ಮಾತಾಡುವುದು ಜಾಸ್ತಿ. ಎಲ್ಲಿ ಮಾತಾಡಿದರೂ ಕೊನೆಗೆ ಒಂದು ಕೈ ಮೇಲೇಳುತ್ತದೆ. ಪ್ರಶ್ನೆ ಮೇಲೆ ಬರೆದಿದ್ದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿದರಾಯಿತು.

ಪ್ರಶ್ನೆಗಿಂತ ಜಾಸ್ತಿ ಉರಿಸುವುದು ಆ ‘ಎಲ್ಲಾ ಸರಿ’. ಇಷ್ಟೊತ್ತು ಹೇಳಿದ್ದನ್ನು ಬದಿಗಿಡಿ, ಈಗ ವಿಷಯಕ್ಕೆ ಬನ್ನಿ ಅನ್ನುವ ಧಾಟಿ ಅದು.

ಒಮ್ಮೆ ‘ದಿ ಫೋರ್ ಹಂಡ್ರೆಡ್ ಬ್ಲೋಸ್’ ತೋರಿಸಿ ಮಾತಾಡಿದ್ದೆ. ಫ್ರೆಂಚ್ ನಿರ್ದೇಶಕ ತ್ರೂಫೋ 1959ರಲ್ಲಿ ಮಾಡಿದ ಸಿನಿಮಾ. ಆಂತ್ವಾನ್ ಅನ್ನುವ ಪ್ಯಾರಿಸ್ ಹುಡುಗ ಮನೆಗೂ ಸಲ್ಲ, ಶಾಲೆಗೂ ಸಲ್ಲ. ಕೊನೆಗೆ ಅವನನ್ನು ಹಾಕಿದ್ದ ಸುಧಾರಣಾ ಕೇಂದ್ರದಿಂದ ತಪ್ಪಿಸಿಕೊಂಡು ಓಡುತ್ತಾನೆ, ಸಮುದ್ರದವರೆಗೂ ಓಡುತ್ತಾನೆ, ತಿರುಗಿ ನಮ್ಮನ್ನೇ ನೋಡುತ್ತಾನೆ. ಚಿತ್ರ ಅಲ್ಲೇ ನಿಂತುಬಿಡುತ್ತದೆ. ಒಬ್ಬ ಹಿರಿಯರು ಎದ್ದು ಅದೇ ಪ್ರಶ್ನೆ ಕೇಳಿದರು. ನನಗೂ ಅವತ್ತು ತಡೆಯಲಿಲ್ಲ. ‘ಹೇಳ್ತೀನಿ ಬರ್ಕೊಳ್ಳಿ ಸಾರ್’ ಅಂದೆ. ಯಾಕೆಂದರೆ ಈ ಒಂದು ಸಿನಿಮಾದ ಮಟ್ಟಿಗೆ ಉತ್ತರ ನಿಜವಾಗಿಯೂ ಇದೆ. ತ್ರೂಫೋ ಅದೇ ನಟ ಜ್ಯಾಂ ಪಿಯೆರ್ ಲಿಯೋನನ್ನು ಇಟ್ಟುಕೊಂಡು 1979ರವರೆಗೆ ಅದೇ ಪಾತ್ರದ ಮೇಲೆ ಇನ್ನೂ ನಾಲ್ಕು ಚಿತ್ರ ಮಾಡಿದ, ಅದರಲ್ಲಿ ಒಂದು ಕಿರುಚಿತ್ರ. ಹುಡುಗ ಸೈನ್ಯ ಸೇರಿದ, ಅಲ್ಲಿಂದ ಹೊರಹಾಕಿದರು. ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡಿದ, ಪತ್ತೇದಾರನಾದ, ಟಿವಿ ರಿಪೇರಿ ಮಾಡಿದ, ಹೂವಿಗೆ ಬಣ್ಣ ಹಾಕಿದ. ಮದುವೆಯಾದ, ವಿಚ್ಛೇದನವೂ ಆಯಿತು.

ಆ ಹಿರಿಯರು ತಲೆಯಾಡಿಸಿ, ‘ಪರವಾಗಿಲ್ಲ, ಹೇಗೋ ಜೀವನ ಮಾಡ್ಕೊಂಡ’ ಅಂದರು. ಕೂತರು. ನೆಮ್ಮದಿಯಾಗಿ ಕೂತರು!

ಈಗ ನೀವೇ ಹೇಳಿ. ಟಿವಿ ರಿಪೇರಿ ಅಂತ ಗೊತ್ತಾದ ಮೇಲೆ ಸಮುದ್ರದ ಹತ್ತಿರ ನಿಂತ ಆ ಮುಖ ಜಾಸ್ತಿ ಅರ್ಥವಾಯಿತಾ? ನನಗಂತೂ ಇಲ್ಲ. ಕಥೆ ಮುಂದೇನಾಯಿತು ಅನ್ನುವ ಕುತೂಹಲ ತಪ್ಪು ಅಂತ ನಾನು ಹೇಳುತ್ತಿಲ್ಲ, ಆ ಚಟ ನನಗೂ ಇದೆ, ಇಲ್ಲದಿದ್ದರೆ ಆ ನಾಲ್ಕೂ ಚಿತ್ರ ನೋಡುತ್ತಿದ್ದೆನಾ? ಆದರೆ ಒಬ್ಬ ಹುಡುಗ ಯಾರು ಅನ್ನುವುದಕ್ಕೆ ಅವನ ಮುಂದಿನ ನೌಕರಿಯನ್ನು ಉತ್ತರವಾಗಿ ಕೇಳುವುದು, ಅದೂ ಹದಿಮೂರು ಹದಿನಾಲ್ಕರ ಹುಡುಗನ ಬಗ್ಗೆ, ಮನೆಗೆ ಬಂದ ನೆಂಟರ ಪ್ರಶ್ನೆ. ಸಿನಿಮಾ ನೋಡುವವರದ್ದಲ್ಲ.

ಯಾರಾದರೂ ಒಬ್ಬರು ಬೇರೆ ಪ್ರಶ್ನೆ ಕೇಳಲಿ ಅಂತ ಕಾಯುತ್ತಿದ್ದೇನೆ. ಆಂತ್ವಾನ್ ಮೇಷ್ಟ್ರಿಗೆ ‘ಅಮ್ಮ ಸತ್ತುಹೋದಳು’ ಅಂತ ಯಾಕೆ ಹೇಳಿದ?

ನೆನಪಿದೆ ಅಲ್ವಾ? ಶಾಲೆಗೆ ಚಕ್ಕರ್ ಹೊಡೆದಿರುತ್ತಾನೆ. ಮರುದಿನ ಮೇಷ್ಟ್ರು ಕಾರಣ ಕೇಳುತ್ತಾರೆ, ಚೀಟಿ ಇಲ್ಲ. ಜ್ವರ ಅನ್ನಬಹುದಿತ್ತು. ಹೊಟ್ಟೆನೋವು ಅನ್ನಬಹುದಿತ್ತು. ಸಾಯಿಸಲೇಬೇಕು ಅಂದರೆ ಅಪ್ಪ ಇದ್ದ, ಅವನು ಹೇಗಿದ್ದರೂ ಮಲತಂದೆ. ಹುಡುಗ ಅಮ್ಮನನ್ನೇ ಆರಿಸಿಕೊಂಡ. ಚಕ್ಕರ್ ಹೊಡೆದ ಆ ದಿನವೇ ಅವನು ರಸ್ತೆಯಲ್ಲಿ ಅಮ್ಮ ಇನ್ನೊಬ್ಬನಿಗೆ ಮುತ್ತು ಕೊಡುವುದನ್ನು ನೋಡಿದ್ದ. ಅವಳೂ ಇವನನ್ನು ನೋಡಿದ್ದಳು. ಮನೆಯಲ್ಲಿ ಇಬ್ಬರೂ ತುಟಿ ಬಿಚ್ಚಲಿಲ್ಲ. ಆ ಸುಳ್ಳಿನೊಳಗೆ ಎಷ್ಟು ನಿಜ ಇದೆ ನೋಡಿ. ಮೇಷ್ಟ್ರು ಒಂದೇ ಕ್ಷಣದಲ್ಲಿ ಮೆತ್ತಗಾಗುತ್ತಾರೆ, ಇಡೀ ಚಿತ್ರದಲ್ಲಿ ಅವನಿಗೆ ಶಾಲೆಯಿಂದ ಸಿಕ್ಕ ಕರುಣೆ ಅಷ್ಟೇ. ಆಮೇಲೆ ಸತ್ತ ಅಮ್ಮ ಖುದ್ದಾಗಿ ಶಾಲೆಗೆ ಬರುತ್ತಾಳೆ, ಅಪ್ಪ ಎಲ್ಲರೆದುರು ಕೆನ್ನೆಗೆ ಬಾರಿಸುತ್ತಾನೆ.

ಅದೇ ಹುಡುಗ ಮಲತಂದೆಯ ಆಫೀಸಿನ ಟೈಪ್‌ರೈಟರ್ ಕದಿಯುತ್ತಾನೆ. ಸಿಕ್ಕಿಬೀಳುವುದು ಕದಿಯುವಾಗ ಅಲ್ಲ, ಮಾರಲಾಗದೆ ವಾಪಸ್ ಇಡಲು ಹೋದಾಗ. ಇವನನ್ನು ಕಳ್ಳ ಅಂತೀರೋ, ಪ್ರಾಮಾಣಿಕ ಅಂತೀರೋ? ಮುಂದೆ ಮನಶ್ಶಾಸ್ತ್ರಜ್ಞೆ ಪ್ರಶ್ನೆ ಕೇಳುವಾಗ ಅವಳ ದನಿ ಮಾತ್ರ ಕೇಳಿಸುತ್ತದೆ, ಕ್ಯಾಮೆರಾ ಹುಡುಗನ ಮೇಲೇ ಇರುತ್ತದೆ. ನಿಜ ಹೇಳಿದರೂ ನಂಬಲ್ಲ, ಅದಕ್ಕೆ ಸುಳ್ಳೇ ವಾಸಿ ಅಂತ ಅವನು ಹೇಳುತ್ತಾನೆ. ಲಿಯೋ ಆ ಉತ್ತರಗಳನ್ನು ಬಹುಮಟ್ಟಿಗೆ ಆ ಹೊತ್ತಿಗೆ ಹೊಳೆದಂತೆ ಕೊಟ್ಟಿದ್ದು. ಅವನ ಕೈಗಳನ್ನು ನೋಡಿ, ಮೇಜಿನ ಮೇಲೆ ಏನೇನೋ ಮಾಡುತ್ತಿರುತ್ತವೆ. ಪಾತ್ರ ಇರುವುದು ಅಲ್ಲಿ.

‘ಮೂನ್‌ಲೈಟ್’ (2016) ತೋರಿಸಿದರೂ ಇದೇ ಗೋಳು. ಶೈರಾನ್ ಅನ್ನುವ ಹುಡುಗ ಬೆಳೆದು ದೊಡ್ಡವನಾಗುವ ಕಥೆ ಅದು. ‘ಛೇ, ಕೊನೆಗೆ ಡ್ರಗ್ಸ್ ಮಾರುವವನಾದನಲ್ಲ!’ ಹೌದು ಸ್ವಾಮಿ, ಆದ. ಆದರೆ ಯಾರ ಥರ ಆದ ಅಂತ ನೋಡಿದಿರಾ? ಅವನ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಂದು ಪುಟ್ಟ ಕಿರೀಟ ಇದೆ. ಚಿಕ್ಕವನಿದ್ದಾಗ ಅವನಿಗೆ ಈಜು ಕಲಿಸಿದ ಹ್ವಾನ್‌ನ ಕಾರಿನಲ್ಲೂ ಅಂಥದ್ದೇ ಇತ್ತು, ಹ್ವಾನ್ ಕೂಡ ಡ್ರಗ್ಸ್ ಮಾರುವವನೇ. ಅವನ ಮೂರು ವಯಸ್ಸಿಗೆ ಚಿತ್ರದಲ್ಲಿ ಮೂರು ಭಾಗ, ಮೂವರು ನಟರು, ಮೂರು ಹೆಸರು. ‘ಲಿಟಲ್’ ಅಂತ ಕರೆದದ್ದು ಊರವರು, ‘ಬ್ಲ್ಯಾಕ್’ ಅಂತ ಕರೆದದ್ದು ಗೆಳೆಯ ಕೆವಿನ್. ಸ್ವಂತ ಹೆಸರು ಶೈರಾನ್ ಇರುವುದು ನಡುವಿನ ಭಾಗಕ್ಕೆ ಮಾತ್ರ, ಅವನು ಅತಿ ಹೆಚ್ಚು ಪೆಟ್ಟು ತಿಂದ ಭಾಗಕ್ಕೆ. ಆ ಮೂವರು ನಟರು ಒಬ್ಬರನ್ನೊಬ್ಬರು ಅನುಕರಿಸಬಾರದು ಅಂತ ನಿರ್ದೇಶಕ ಬ್ಯಾರಿ ಜೆಂಕಿನ್ಸ್ ಚಿತ್ರೀಕರಣದಲ್ಲಿ ಅವರನ್ನು ಭೇಟಿಯಾಗಲೂ ಬಿಡಲಿಲ್ಲ. ಆದರೂ ತಲೆ ತಗ್ಗಿಸುವ ರೀತಿಯಲ್ಲಿ ಅವನು ಒಬ್ಬನೇ ಅಂತ ನಮಗೆ ಗೊತ್ತಾಗಿಬಿಡುತ್ತದೆ.

ಎಷ್ಟೋ ವರ್ಷದ ಮೇಲೆ ಕೆವಿನ್ ಅವನಿಗೆ ಅಡುಗೆ ಮಾಡಿ ಬಡಿಸುತ್ತಾನೆ. ತಿನ್ನುವ ಮೊದಲು ಇವನು ಹಲ್ಲಿಗೆ ಹಾಕಿದ ಚಿನ್ನದ ಕವಚ ತೆಗೆದಿಡಬೇಕು. ಆಮೇಲೆ ಕೆವಿನ್ ನೇರವಾಗಿ ‘ನೀನು ಯಾರು?’ ಅಂತ ಕೇಳುತ್ತಾನೆ. ನಾನು ನಾನೇ ಅನ್ನುವ ಅರ್ಥದಲ್ಲಿ ಇವನು ಏನೋ ಹೇಳುತ್ತಾನೆ. ನನಗೆ ಆ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ನಿಮಗೆ ಬಂದಿದ್ದರೆ ಯಾಕೆ ಅಂತ ಹೇಳಿ, ಅದರ ಬಗ್ಗೆ ಎಷ್ಟು ಹೊತ್ತಾದರೂ ಜಗಳ ಆಡಲು ನಾನು ತಯಾರಿದ್ದೇನೆ.